ಕೆಟ್ಟು ಕೂತ ಪಾರ್ಕರ್ 51ಗಳನ್ನು ದಿನದ ಬರವಣಿಗೆಗೆ ತಂದ ಬಗೆ

"ವ್ಯಾಕ್ಯುಮ್ಯಾಟಿಕ್ 51 ಇದ್ರೆ ಡಬ್ಬಿಯಲ್ಲಿಟ್ಟು ನೋಡ್ಕೋ, ಬರೆಯೋಕೆ ಏರೋಮೆಟ್ರಿಕ್ ತಗೋ." ಈ ಮಾತು ಹೇಳದ ಪೆನ್ ಗೆಳೆಯರು ನನಗಿಲ್ಲ. ಪಾರ್ಕರ್ 51 ಹಳೆಯ ಶಾಯಿ ಪೆನ್ನು. ಅದರಲ್ಲಿ ವ್ಯಾಕ್ಯುಮ್ಯಾಟಿಕ್ ಅಂದರೆ ಹಿಂಬದಿಯ ಪ್ಲಂಜರ್ ಒತ್ತಿ ರಬ್ಬರ್ ಪೊರೆಯಿಂದ ಶಾಯಿ ಎಳೆದುಕೊಳ್ಳುವ ಬಗೆ, ಏರೋಮೆಟ್ರಿಕ್ ಅಂದರೆ ಒಳಗಿನ ಚೀಲ ಅದುಮಿ ತುಂಬುವ ಬಗೆ. ಈಗ ನನ್ನ ಹತ್ತಿರ ಹನ್ನೆರಡು ಹದಿಮೂರು ವ್ಯಾಕ್ಯುಮ್ಯಾಟಿಕ್ 51ಗಳಿವೆ. ಎಲ್ಲವೂ 1941ರಿಂದ 1948ರ ಒಳಗೆ ಅಮೆರಿಕದಲ್ಲಿ ತಯಾರಾದವು, ಬಹುತೇಕ ಕೆಟ್ಟ ಸ್ಥಿತಿಯಲ್ಲೇ ಕೊಂಡವು. ಯಾವಾಗಲೂ ಮೂರ್ನಾಲ್ಕರಲ್ಲಿ ಶಾಯಿ ಇರುತ್ತದೆ, ಸರದಿಯಂತೆ ಎಲ್ಲವೂ ಬರೆಯುತ್ತವೆ. ಬೇಡ ಅಂದವರಲ್ಲಿ ಇಬ್ಬರು ಈಗ ತಮ್ಮ ಪೆನ್ನುಗಳನ್ನು ನನಗೇ ಕಳಿಸುತ್ತಾರೆ, ಸರಿಮಾಡಿ ಕೊಡು ಅಂತ.

ಒಂದೇ ಮಾದರಿಗೆ ಅಂಟಿಕೊಂಡಿದ್ದು ಮೊದಲು ದುಡ್ಡಿನ ಲೆಕ್ಕಕ್ಕೆ. ಬರೆಯುವ ಸ್ಥಿತಿಯಲ್ಲಿರುವ ಒಂದರ ಬೆಲೆಗೆ ಕೆಟ್ಟವು ಮೂರು ಬರುತ್ತವೆ, ಅದೃಷ್ಟ ಇದ್ದರೆ ನಾಲ್ಕು. ಮೂರು ತಂದರೆ ಸಾಮಾನ್ಯವಾಗಿ ಎರಡು ಬರೆಯುತ್ತವೆ, ಮೂರನೆಯದು ಬಿಡಿಭಾಗಕ್ಕೆ. ಒಂದರ ನಿಬ್ಬು, ಇನ್ನೊಂದರ ಕ್ಯಾಪು, ಮತ್ತೊಂದರ ಫಿಲ್ಲರ್ (ಶಾಯಿ ತುಂಬುವ ಭಾಗ). ಸ್ಟ್ಯಾಂಡರ್ಡ್ ಸೈಜಿನವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಚಿಕ್ಕದಾದ ಡೆಮಿಯನ್ನು ಮಾತ್ರ ಇದರಲ್ಲಿ ಬೆರೆಸಬೇಡಿ. ಹತ್ತು ಮಾದರಿ ಕೂಡಿಸಿದ್ದರೆ ಹತ್ತು ಬಗೆಯ ಬಿಡಿಭಾಗ ಹುಡುಕುತ್ತಾ ಕೂರಬೇಕಿತ್ತು. ಡಯಾಫ್ರಾಮ್ (ಫಿಲ್ಲರಿನ ರಬ್ಬರ್ ಪೊರೆ), ಶೆಲಾಕ್ (ಭಾಗಗಳನ್ನು ಅಂಟಿಸುವ ಅರಗು) ಎಲ್ಲ ಸೇರಿಸಿದರೂ ಒಂದು ಪೆನ್ನು ನನಗೆ ಮಾರುಕಟ್ಟೆ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ ಬೀಳುತ್ತದೆ. ಫಿಲ್ಲರ್ ಬಿಚ್ಚುವ ಕ್ಲ್ಯಾಂಪಿಗೆ ಮಾತ್ರ ಎರಡು ಕೆಟ್ಟ ಪೆನ್ನುಗಳಷ್ಟು ಖರ್ಚಾಯಿತು. ಅದು ನಾಲ್ಕನೆಯ ಪೆನ್ನಿಗೋ ಐದನೆಯದಕ್ಕೋ ವಸೂಲಾಯಿತು.

ದುಡ್ಡು ಹೋದದ್ದೂ ಇದೆ. ಒಬ್ಬ ಮಾರಾಟಗಾರ ಐದಾರು ಪೆನ್ನುಗಳ ಒಂದು ಗುಂಪನ್ನು ಚೆಂದದ ಫೋಟೊ ಹಾಕಿ ಮಾರಿದ. ಎಲ್ಲದಕ್ಕೂ ಕ್ಯಾಪ್ ಹಾಕಿ, ಒಂದೇ ಕಡೆಯಿಂದ ತೆಗೆದ ಫೋಟೊ. ಬಂದ ಮೇಲೆ ನೋಡಿದರೆ ಎರಡರ ಬ್ಯಾರೆಲ್ ಹಿಂಬದಿಯ ಮರೆಯಲ್ಲೇ ಸೀಳು ಬಿಟ್ಟಿತ್ತು. ಇನ್ನೊಂದರಲ್ಲಿ ಫಿಲ್ಲರನ್ನು ಬ್ಯಾರೆಲಿಗೆ ಬಿಗಿಯುವ ಕಾಲರನ್ನು ಯಾರೋ ಇಕ್ಕಳ ಹಾಕಿ ಕಚ್ಚಿಸಿ ಹಾಳುಮಾಡಿದ್ದರು. ನಿಬ್ಬುಗಳು ಮಾತ್ರ ಉಳಿದವು. 14 ಕ್ಯಾರೆಟ್ ಚಿನ್ನದವು, ತುದಿಯೂ ಚೆನ್ನಾಗಿತ್ತು, ಹಾಗಾಗಿ ಪೂರ್ತಿ ಮುಳುಗಲಿಲ್ಲ. ಅಂದಿನಿಂದ ಮೂರು ಫೋಟೊ ಕೇಳುತ್ತೇನೆ: ಕ್ಯಾಪ್ ತೆಗೆದು ನಿಬ್ಬಿನ ತುದಿ, ಹಿಂದಿನ ಮುಚ್ಚಳ ಬಿಚ್ಚಿ ಫಿಲ್ಲರ್, ಬ್ಯಾರೆಲ್ ಮೇಲಿನ ಅಚ್ಚು. ಕೊಡದಿದ್ದರೆ ಕೊಳ್ಳುವುದಿಲ್ಲ. ಅಚ್ಚಿನ ಪಕ್ಕದ ಅಂಕಿ ವರ್ಷದ ಕೊನೆಯ ಅಂಕಿ. ಚುಕ್ಕಿಗಳು ತ್ರೈಮಾಸಿಕಕ್ಕೆ. ವರ್ಷದ ಶುರುವಿನಲ್ಲಿ 3 ಚುಕ್ಕಿ, ಆಮೇಲೆ ಪ್ರತಿ ತ್ರೈಮಾಸಿಕಕ್ಕೆ ಒಂದೊಂದು ತೆಗೆಯುತ್ತಿದ್ದರು. ಅಚ್ಚು ಗರಿಯಾಗಿದ್ದರೆ ಆ ಬ್ಯಾರೆಲನ್ನು ಯಾರೂ ಜಾಸ್ತಿ ಉಜ್ಜಿಲ್ಲ ಅಂತಲೂ ಗೊತ್ತಾಗುತ್ತದೆ.

ಇನ್ನು ನನ್ನ ವಿಧಾನ. ಎಲ್ಲರೂ ಹುಡ್ (ನಿಬ್ಬನ್ನು ಮುಚ್ಚಿರುವ ಮುಂಭಾಗದ ಹೊದಿಕೆ) ತೆಗೆಯಲು ಬಿಸಿಗಾಳಿ ಊದುವ ಹೀಟ್ ಗನ್ ಹಿಡಿಯುತ್ತಾರೆ. ನಾನು ಬರೀ ಬಿಸಿನೀರಿನಲ್ಲಿ ತೆಗೆಯುತ್ತೇನೆ. "ನೀರಿಗೆಲ್ಲ ಶೆಲಾಕ್ ಬಿಡಲ್ಲ" ಅಂದರು. ಬಿಡುತ್ತದೆ, ಆತುರ ಇರಬಾರದು ಅಷ್ಟೇ. ಶೆಲಾಕ್ ಸುಮಾರು 75 ಡಿಗ್ರಿಗೆ ಮೆತ್ತಗಾಗುತ್ತದೆ. 51ರ ಮೈ ಲೂಸೈಟ್, ಅಂದರೆ ಅಕ್ರಿಲಿಕ್. ಅದು ಮೆತ್ತಗಾಗಲು ನೂರರ ಆಸುಪಾಸು ಬೇಕು. ಥರ್ಮಾಮೀಟರ್ ಇಟ್ಟುಕೊಂಡು ನೀರನ್ನು ಈ ಎರಡರ ನಡುವೆ, ಎಪ್ಪತ್ತೈದು ಎಂಬತ್ತರಲ್ಲಿ ನಿಲ್ಲಿಸಿದರೆ ಹುಡ್ ಸೊಟ್ಟಗಾಗುವ ಭಯವಿಲ್ಲ. ಗಾಳಿಯ ಬಿಸಿ ಒಂದೇ ಜಾಗಕ್ಕೆ ಹೊಡೆದು ಕ್ಷಣದಲ್ಲಿ ಇನ್ನೂರು ದಾಟಬಹುದು. ಅಲ್ಲದೆ ಶೆಲಾಕಿನ ಜೊತೆ ಒಳಗೆ ಗಟ್ಟಿಯಾದ ಶಾಯಿಯೂ ಅಂಟಿನ ಕೆಲಸ ಮಾಡುತ್ತಿರುತ್ತದೆ. ಅದನ್ನು ಕರಗಿಸುವುದು ನೀರು ಮಾತ್ರ.

ಹಾಗಾಗಿ ಮೊದಲು ತಣ್ಣೀರಿನಲ್ಲಿ ಮೂರ್ನಾಲ್ಕು ದಿನ, ನಿಬ್ಬು ಕೆಳಗೆ. ಆಮೇಲೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ರಬ್ಬರ್ ಹಾಳೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ನೋಡುವುದು. ಬರಲಿಲ್ಲವಾ, ಮತ್ತೆ ಅದ್ದುವುದು. ಕೆಲವು ಮೂರನೆಯ ಸಲಕ್ಕೇ ಬರುತ್ತವೆ. ಕಂದು ಬಣ್ಣದ ಒಂದು ಕಾರ್ಡೋವನ್ ಮಾತ್ರ ಹತ್ತಿರ ಹತ್ತಿರ ಎರಡು ವಾರ ಸತಾಯಿಸಿತು. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಅದ್ದುತ್ತಿದ್ದೆ. ಬಂದಾಗ ಸದ್ದೇ ಇಲ್ಲದೆ ಬಂತು. ಇಂಥ ಹಟಮಾರಿಗಳಿಗೆ ನೀರಿನಲ್ಲಿ ನಾನು ಒಂದು ವಸ್ತು ಸೇರಿಸುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನಷ್ಟು ಪೆನ್ನುಗಳ ಮೇಲೆ ನೋಡಬೇಕು. ಒಂದು ಎಚ್ಚರಿಕೆ: ಪಟ್ಟೆಪಟ್ಟೆಯ ಹಳೆಯ ವ್ಯಾಕ್ಯುಮ್ಯಾಟಿಕ್ ಪೆನ್ನುಗಳ ಮೈ ಸೆಲ್ಯುಲಾಯ್ಡ್. ಅವಕ್ಕೆ ಈ ಬಿಸಿನೀರು ತೋರಿಸಲೇಬೇಡಿ.

ಹುಡ್ ಬಂದರೆ ನಿಬ್ಬಿಗೆ ಹೋಗುವ ಶಾಯಿಯನ್ನು ಹಿಡಿದಿಡುವ ಕಲೆಕ್ಟರ್ ಕಾಣುತ್ತದೆ. ಅದರ ತೆಳು ಹಲ್ಲುಗಳ ಸಂದಿಯಲ್ಲಿ ಹತ್ತಾರು ವರ್ಷದ ಶಾಯಿ ಕೂತಿರುತ್ತದೆ. ಬ್ರಷ್ ಹಾಕಿದರೆ ಹಲ್ಲು ಮುರಿಯುತ್ತದೆ. ತೊಳೆದು, ಮಡಿಸಿದ ಒದ್ದೆ ಟಿಶ್ಯೂ ಮೇಲೆ ತುದಿ ತಾಗುವಂತೆ ನಿಲ್ಲಿಸಿ. ಕಾಗದವೇ ಎಳೆದುಕೊಳ್ಳುತ್ತದೆ. ಮೊದಲು ನೀಲಿಕಪ್ಪು ಹರಡುತ್ತದೆ. ಮಾರನೆಯ ದಿನ ಹೊಸ ಟಿಶ್ಯೂ ಇಟ್ಟರೆ ಅದರಡಿಯ ಹಸಿರು, ಆಮೇಲೆ ತೆಳು ನೇರಳೆ. ಹಿಂದಿನ ಮಾಲೀಕರು ಯಾವ ಶಾಯಿಯ ಮೇಲೆ ಯಾವುದನ್ನು ತುಂಬಿದರು ಅನ್ನುವುದೆಲ್ಲ ಅಲ್ಲಿ ಕಾಣುತ್ತದೆ. ಟಿಶ್ಯೂ ಬೆಳ್ಳಗೆ ಉಳಿಯುವವರೆಗೆ ನಾನು ಮುಂದಿನ ಕೆಲಸಕ್ಕೆ ಕೈಹಾಕುವುದಿಲ್ಲ.

ಡಯಾಫ್ರಾಮ್ ಹಾಕುವುದು ನಿಮಗೆಲ್ಲ ಗೊತ್ತಿರುವುದೇ. ಆದರೆ ದಿನಬಳಕೆಗೆ ಬಾರದು ಅನ್ನುವ ದೂರು ಹುಟ್ಟುವುದು ಬಹುತೇಕ ಎರಡು ಕಡೆ. ಒಂದು, ರಬ್ಬರ್ ಕೂರುವ ಇಳಿಜಾರು ಅಂಚು. ಅಲ್ಲಿ ಹಳೆಯ ರಬ್ಬರ್ ಕಲ್ಲಾಗಿ ಅಂಟಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಮರದ ಕಡ್ಡಿ ಆಡಿಸಿದರೆ ತರಿತರಿ ಗೊತ್ತಾಗುತ್ತದೆ. ಅದು ನುಣುಪಾಗುವವರೆಗೆ ಕೆರೆಯಬೇಕು, ಇಲ್ಲದಿದ್ದರೆ ಶಾಯಿ ಹಿಂದಕ್ಕೆ ಒಸರುತ್ತದೆ. ಎರಡು, ಕಾಲರ್ ತಿರುಗಿಸುವಾಗ ರಬ್ಬರೂ ಜೊತೆಗೆ ತಿರುಚಿಕೊಳ್ಳುವುದು. ಹೊರಮೈಗೆ ಟಾಲ್ಕ್ ಪುಡಿ ಹಚ್ಚಿದರೆ ಜಾರುತ್ತದೆ. ಡಯಾಫ್ರಾಮಿನ ತುದಿಯ ಗುಂಡು ಪ್ಲಂಜರಿನ ಗೂಡಿನಲ್ಲಿ ಟಕ್ ಅಂತ ಕೂತಿರಬೇಕು, ಎಳೆದರೆ ಬರಬಾರದು. ಕಾಲರ್ ಬಿಗಿದ ಮೇಲೆ ಪ್ಲಂಜರ್ ಒತ್ತಿ ಬಿಡಿ. ಚಿಮ್ಮಿ ಮೇಲೆ ಬಂದರೆ ಸರಿ. ಸೋಮಾರಿಯಾಗಿ ಬಂದರೆ ಬಿಚ್ಚಿ ಮತ್ತೆ ಹಾಕಿ. ನೀರಿನಲ್ಲಿ ಎಂಟು ಹತ್ತು ಸಲ ಒತ್ತಿದರೆ ಗುಳ್ಳೆ ಬಹುತೇಕ ನಿಲ್ಲಬೇಕು. ಬೇಗನೆ ನಿಂತು, ಅರ್ಧವೂ ತುಂಬಿಲ್ಲ ಅಂದರೆ ಒಳಗಿನ ಗಾಳಿಕೊಳವೆ ಬಿರುಕು ಬಿಟ್ಟಿದೆಯೋ ಮುರಿದಿದೆಯೋ ನೋಡಿ. ಡಯಾಫ್ರಾಮಿನ ಉದ್ದವನ್ನು ಎಷ್ಟು ಕತ್ತರಿಸಬೇಕು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ. ಅದು ನನ್ನ ಹತ್ತಿರವೇ ಇರಲಿ.

ಹೀಗೆ ಹಾಕಿದ ಮೊದಲ ಪೆನ್ನು, ಬೂದು ಬಣ್ಣದ್ದು, ಈಗ ಏಳೆಂಟು ವರ್ಷದಿಂದ ನಡೆಯುತ್ತಿದೆ. ರಬ್ಬರ್ ಬದಲಾಯಿಸಿಲ್ಲ. ಏರೋಮೆಟ್ರಿಕ್ ಪೆನ್ನಿನ ಪ್ಲಿಗ್ಲಾಸ್ (ಒಂದು ಬಗೆಯ ಪ್ಲಾಸ್ಟಿಕ್) ಚೀಲ ಎಪ್ಪತ್ತು ವರ್ಷ ಬಾಳುತ್ತದೆ, ಒಪ್ಪುತ್ತೇನೆ. ಆದರೆ ವ್ಯಾಕ್ಯುಮ್ಯಾಟಿಕ್ ಅದಕ್ಕಿಂತ ಜಾಸ್ತಿ ಶಾಯಿ ಹಿಡಿಯುತ್ತದೆ, ಮತ್ತೆ ಕೆಟ್ಟದ್ದು ಅಗ್ಗ.

ಮಧ್ಯೆ ಒಂದಷ್ಟು ಬೇರೆ ಪ್ರಯೋಗಗಳನ್ನೂ ಮಾಡಿದೆ. ಕ್ಯಾಪ್ ತೆಗೆದು ಮೇಜಿನ ಮೇಲೆ ಬಿಟ್ಟು ಎಷ್ಟು ಹೊತ್ತು ತಡೆಯುತ್ತೆ ಅಂತ ನೋಡಿದೆ. ನಿಬ್ಬು ಮುಚ್ಚಿಕೊಂಡಿರುವುದರಿಂದ ಕಾಲು ಗಂಟೆ ಆರಾಮಾಗಿ ತಡೆಯುತ್ತದೆ, ಅರ್ಧ ಗಂಟೆಗೆ ಮೊದಲ ಅಕ್ಷರ ತಪ್ಪಿಸುತ್ತದೆ. ತುದಿ ಸವೆದ ಒಂದು ನಿಬ್ಬನ್ನು ತೀಡಿ ಇಟಾಲಿಕ್ (ಚಪ್ಪಟೆ ತುದಿಯದು) ಮಾಡಿದೆ. ಚೆನ್ನಾಗಿಯೇ ಆಯಿತು. ಆದರೆ ನಿಬ್ಬು ಕೊಳವೆಯಾಕಾರದ್ದು, ಹುಡ್ಡಿನೊಳಗೆ ಕೂದಲೆಳೆಯಷ್ಟು ತಿರುಗಿದರೂ ಬರೆಯುವ ಕೋನ ತಪ್ಪುತ್ತದೆ. ಅದನ್ನು ಹೊಂದಿಸಲು ನಿಬ್ಬು ತೀಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಶಾಯಿ ವಿಷಯದಲ್ಲಿ ನಾನು ಕಟ್ಟುನಿಟ್ಟು. ಈ ಪೆನ್ನಿಗೆ ಲೂಸೈಟ್ ಬಂದದ್ದೇ ಆ ಕಾಲದ ತೀಕ್ಷ್ಣ ಕ್ಷಾರದ, ಬೇಗ ಒಣಗುವ ಶಾಯಿ ಸೆಲ್ಯುಲಾಯ್ಡನ್ನು ತಿನ್ನುತ್ತಿತ್ತು ಅಂತ. ಹಾಗಂತ ಹಳೆಯ ಬಾಟಲಿ ಸಿಕ್ಕರೆ ತುಂಬಬೇಡಿ. ಹೊಳೆಯುವ ಪುಡಿಯ ಶಾಯಿಯಂತೂ ಬೇಡವೇ ಬೇಡ, ಕಲೆಕ್ಟರಿನ ಸಂದಿಯಿಂದ ಅದನ್ನು ತೆಗೆಯಲು ಮತ್ತೆ ಹುಡ್ ಬಿಚ್ಚಬೇಕಾಗುತ್ತದೆ. ಸಾದಾ ನೀಲಿ, ನೀರಿನಲ್ಲಿ ತೊಳೆದುಹೋಗುವಂಥದ್ದು, ಸಾಕು. ಅರ್ಧಕ್ಕಿಂತ ಕಡಿಮೆಯಾದಾಗ ತುಂಬಿಬಿಡಿ. ಕೈಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿ ತೊಟ್ಟಿಕ್ಕುವುದು ಖಾಲಿಯಾಗುತ್ತಾ ಬಂದ ಪೆನ್ನಿನಲ್ಲೇ.

ಸದ್ಯಕ್ಕೆ ಸಾಸಿವೆ ಬಣ್ಣದ ಯೆಲ್ಲೋಸ್ಟೋನ್ ಒಂದು ನೀರಿನಲ್ಲಿದೆ. ಬ್ಯಾರೆಲ್ ಚೊಕ್ಕವಾಗಿದೆ, ಪ್ಲಂಜರ್ ಮಾತ್ರ ಬುಡದಲ್ಲೇ ಮುರಿದಿದೆ. ಫಿಲ್ಲರಿಗೆ ಒಂದು ಒಡೆದ ಕಪ್ಪು 51 ಹುಡುಕುತ್ತಿದ್ದೇನೆ. ಬ್ಯಾರೆಲ್ ಹೇಗಿದ್ದರೂ ಪರವಾಗಿಲ್ಲ, ಕಾಲರಿಗೆ ಇಕ್ಕಳ ತಾಗಿರಬಾರದು.