ಹುಡುಗರ ಕೈಗೆ ಕೊಟ್ಟ ನಿಯಮಗಳು, ನಾನು ಇಟ್ಟುಕೊಂಡ ನಿಯಮಗಳು

ನಮ್ಮ ಸ್ಕೌಟ್ ದಳದ ನಿಯಮಗಳಲ್ಲಿ ಕೆಲವು ನನ್ನ ಸುಪರ್ದಿನಲ್ಲಿವೆ, ಮಿಕ್ಕವೆಲ್ಲ ಹುಡುಗರ ಸುಪರ್ದಿನಲ್ಲಿವೆ. ಪ್ರಾಣಕ್ಕೆ, ಮೈಗೆ, ಮಾನಕ್ಕೆ ಸಂಬಂಧಿಸಿದ್ದೆಲ್ಲ ನನ್ನದು. ಅದನ್ನು ಮತಕ್ಕೆ ಹಾಕುವುದಿಲ್ಲ. ತಡವಾಗಿ ಬಂದವನಿಗೆ ಏನು ಹೇಳಬೇಕು, ಶಿಬಿರದಲ್ಲಿ ಪಾತ್ರೆ ಯಾರು ತೊಳೆಯಬೇಕು, ಹೊಸಬನನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದೆಲ್ಲ ಅವರದು. ಈ ಗಡಿ ಸ್ಪಷ್ಟವಾದ ಮೇಲೆ ದಳ ತನ್ನ ಕಾಲ ಮೇಲೆ ನಿಂತಿತು. ಹೊಸದಾಗಿ ಸ್ಕೌಟ್ ಮಾಸ್ಟರ್ ಆದವರಿಗೆ, ಆಗಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಶಿಕ್ಷಕನಲ್ಲ. ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ನೌಕರಿ. ಕರ್ನಾಟಕದ ಬಹುಪಾಲು ದಳಗಳು ಶಾಲೆಗಳಲ್ಲಿವೆ, ಅವುಗಳನ್ನು ನಡೆಸುವವರೂ ಅಲ್ಲಿನ ಮೇಷ್ಟರೇ. ನಮ್ಮದು ಯಾವ ಶಾಲೆಗೂ ಸೇರದ ಮುಕ್ತ ದಳ. ಭಾನುವಾರ ಬೆಳಿಗ್ಗೆ ಒಂದು ಮೈದಾನದಲ್ಲಿ ಸೇರುತ್ತೇವೆ. ಗ್ಯಾರೇಜ್ ಮೆಕ್ಯಾನಿಕ್‌ನ ಮಗ, ವೈದ್ಯರ ಮಗ, ಹಾಸ್ಟೆಲಿನಲ್ಲಿರುವ ಹಳ್ಳಿಯ ಹುಡುಗ ಒಂದೇ ಪ್ಯಾಟ್ರೋಲಿನಲ್ಲಿ, ಅಂದರೆ ದಳದೊಳಗಿನ ಒಂದೇ ಚಿಕ್ಕ ಗುಂಪಿನಲ್ಲಿ, ಇರುತ್ತಾರೆ. ವಾರದ ಉಳಿದ ದಿನಗಳಲ್ಲಿ ಇವರು ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಹಾಗಾಗಿ ಇವರನ್ನು ಹಿಡಿದಿಡುವುದು ದಳದ ರೂಢಿಗಳೇ: ಲಾಳಾಕಾರದಲ್ಲಿ ನಿಲ್ಲುವುದು, ಎಡಗೈ ಕುಲುಕುವುದು, ಪ್ಯಾಟ್ರೋಲಿನ ಕೂಗು, ಕೊರಳ ಸ್ಕಾರ್ಫ್. ಮುಕ್ತ ದಳದಲ್ಲಿ ಇವು ಸತ್ತರೆ ದಳವೇ ಇರುವುದಿಲ್ಲ. ಆದ್ದರಿಂದಲೇ ಯಾವ ರೂಢಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆ ನನಗೆ ಬಹಳ ದೊಡ್ಡದು.

ದಳ ನನ್ನ ಕೈಗೆ ಬಂದಾಗ ಅದರ ಜೊತೆ ಹಲವು ರೂಢಿಗಳೂ ಬಂದವು. ಶಿಬಿರದಲ್ಲಿ ಹೊಸಬರು ಎಲ್ಲರ ಪಾತ್ರೆ ತೊಳೆಯಬೇಕು ಎಂಬುದು ಒಂದು. ಹೊಸಬನ ಟೋಪಿಯನ್ನು ಅಡಗಿಸಿಟ್ಟು ಅವನನ್ನು ಹುಡುಕಾಡಿಸುವುದು ಇನ್ನೊಂದು. ದೊಡ್ಡ ಹುಡುಗರನ್ನು ಕೇಳಿದರೆ ಸಿಕ್ಕ ಉತ್ತರ: ‘ಇದು ನಮ್ಮ ದಳದ ಸಂಪ್ರದಾಯ ಸರ್. ನಾವೂ ಮಾಡಿದ್ದೇವೆ.’

ಟೋಪಿಯ ಆಟವನ್ನು ಅವತ್ತೇ ನಿಲ್ಲಿಸಿದೆ. ಒಬ್ಬ ಹುಡುಗನನ್ನು ಎಲ್ಲರೂ ಸೇರಿ ಗೋಳು ಹೊಯ್ದುಕೊಳ್ಳುವುದು ಮಾನದ ವಿಷಯ, ಅದು ನನ್ನ ಪಾಲಿನದು. ಪಾತ್ರೆಯ ವಿಷಯವನ್ನು ಮಾತ್ರ ಕೋರ್ಟ್ ಆಫ್ ಆನರ್‌ಗೆ ಬಿಟ್ಟೆ.

ಸ್ಕೌಟ್ ಪದ್ಧತಿಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಏರ್ಪಾಡು ಈ ಕೋರ್ಟ್ ಆಫ್ ಆನರ್. ಆರರಿಂದ ಎಂಟು ಹುಡುಗರ ಗುಂಪು ಒಂದು ಪ್ಯಾಟ್ರೋಲ್, ಅದಕ್ಕೊಬ್ಬ ಲೀಡರ್. ಲೀಡರ್‌ಗಳೆಲ್ಲ ಸೇರಿ ಕೂರುವ ಸಭೆಯೇ ಇದು. ಅಧ್ಯಕ್ಷತೆ ಹುಡುಗನದು, ನಡಾವಳಿ ಬರೆಯುವವನೂ ಹುಡುಗನೇ. ಸ್ಕೌಟ್ ಮಾಸ್ಟರ್ ಸಲಹೆಗಾರನಾಗಿ ಪಕ್ಕದಲ್ಲಿ ಕೂರುತ್ತಾನೆ. ಅನೇಕ ದಳಗಳಲ್ಲಿ ಇದು ಕಡತದಲ್ಲಷ್ಟೇ ಉಳಿದಿದೆ. ಮಾಸ್ಟರ್ ಹೇಳಿದ್ದನ್ನು ಹುಡುಗರು ಬರೆದುಕೊಂಡು ಸಹಿ ಹಾಕುತ್ತಾರೆ. ನಾನು ಮಾಡಿಕೊಂಡ ಕಟ್ಟುಪಾಡು ಇಷ್ಟೇ: ಎಲ್ಲ ಲೀಡರ್‌ಗಳೂ ಮಾತಾಡಿ ಮುಗಿಯುವವರೆಗೆ ನಾನು ಬಾಯಿ ತೆರೆಯುವುದಿಲ್ಲ, ತೆರೆದರೂ ಪ್ರಶ್ನೆ ಕೇಳುತ್ತೇನೆಯೇ ಹೊರತು ತೀರ್ಪು ಹೇಳುವುದಿಲ್ಲ.

ಪಾತ್ರೆಯ ಚರ್ಚೆ ಬಿಸಿಯಾಗಿಯೇ ನಡೆಯಿತು. ‘ಹೊಸಬರು ಕಲಿಯಬೇಕಲ್ಲ?’ ಎಂದು ಒಬ್ಬ, ‘ನನ್ನ ತಮ್ಮ ಬಂದರೆ ಅವನಿಂದಲೂ ನಿನ್ನ ತಟ್ಟೆ ತೊಳೆಸುತ್ತೀಯಾ?’ ಎಂದು ಮತ್ತೊಬ್ಬ. ಕೊನೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಪ್ರತಿಯೊಬ್ಬ ಸ್ಕೌಟ್ ಪಾಲಿಸಬೇಕಾದ ಒಂಬತ್ತು ಸ್ಕೌಟ್ ನಿಯಮಗಳಲ್ಲಿ ಈ ರೂಢಿ ಯಾವುದರ ಕೆಳಗೆ ಬರುತ್ತದೆ? ಸ್ಕೌಟ್ ನಂಬಿಕೆಗೆ ಅರ್ಹ, ನಿಷ್ಠಾವಂತ, ಎಲ್ಲರ ಸ್ನೇಹಿತ ಮತ್ತು ಪ್ರತಿಯೊಬ್ಬ ಸ್ಕೌಟ್‌ನ ಸಹೋದರ, ವಿನಯಶೀಲ ಎಂದು ಬೆರಳು ಮಡಚುತ್ತಾ ಹೋದರು. ಮೂರನೆಯದಕ್ಕೆ ಬಂದಾಗಲೇ ಅವರಿಗೆ ಉತ್ತರ ಸಿಕ್ಕಿತ್ತು. ಅಂದಿನಿಂದ ಪಾತ್ರೆ ಪ್ಯಾಟ್ರೋಲಿನ ಸರದಿಯಲ್ಲಿ ಬರುತ್ತದೆ. ಲೀಡರ್‌ಗೂ ವಿನಾಯಿತಿಯಿಲ್ಲ. ಇದನ್ನು ನಾನೇ ಆಜ್ಞೆ ಮಾಡಿದ್ದರೆ ನಾನಿಲ್ಲದ ಶಿಬಿರದಲ್ಲಿ ಹಳೆಯ ರೂಢಿ ಮತ್ತೆ ತಲೆಯೆತ್ತುತ್ತಿತ್ತು. ಅವರೇ ಬರೆದದ್ದರಿಂದ ಅವರೇ ಕಾಯುತ್ತಿದ್ದಾರೆ.

ನನ್ನ ಮನಸ್ಸಿಗೆ ಒಗ್ಗದ ತೀರ್ಮಾನಗಳನ್ನೂ ಅವರು ಮಾಡಿದ್ದಾರೆ. ಶಿಬಿರಕ್ಕೆ ಮೊಬೈಲ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಹುಡುಗರು ಬೇರೆ ದಾರಿ ಹುಡುಕಿದರು: ಮೊಬೈಲುಗಳೆಲ್ಲ ಒಂದೇ ಡಬ್ಬಿಯಲ್ಲಿ ಇರಬೇಕು, ಸಂಜೆ ಧ್ವಜ ಇಳಿಸಿದ ಮೇಲೆ ಮನೆಗೆ ಮಾತಾಡಿ ಮತ್ತೆ ಡಬ್ಬಿಗೆ ಹಾಕಬೇಕು. ನಾನು ಒಪ್ಪಿದೆ. ಈಗ ಅಮ್ಮಂದಿರು ದಿನವಿಡೀ ನನಗೆ ಕರೆ ಮಾಡುವುದು ತಪ್ಪಿದೆ. ತಡವಾಗಿ ಬಂದವನಿಗೆ ಅವರು ಗೊತ್ತು ಮಾಡಿದ ಕ್ರಮವೂ ನನಗೆ ಇಷ್ಟ: ಲಾಳದ ಬಾಯಿಯಲ್ಲಿ ನಿಂತು ಧ್ವಜಕ್ಕೆ ವಂದಿಸಿ, ತನ್ನ ಲೀಡರ್‌ಗೆ ಕಾರಣ ಹೇಳಿ ಸಾಲು ಸೇರಬೇಕು, ಸಭೆ ಮುಗಿದಾಗ ಹಗ್ಗಗಳನ್ನೆಲ್ಲ ಸುತ್ತಿಡುವ ಕೆಲಸ ಅವನದು. ಮೊದಲು ಅವರು ಬಸ್ಕಿ ಹೊಡೆಸೋಣ ಎಂದಿದ್ದರು. ಅದಕ್ಕೆ ಮಾತ್ರ ನಾನು ಬಿಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳಲ್ಲಿ ಮಕ್ಕಳ ಮೈಗೂ ಮನಸ್ಸಿಗೂ ಹಿಂಸೆಯಾಗುವ ಶಿಕ್ಷೆಯನ್ನು ನಿಷೇಧಿಸಿದೆ. ನಮ್ಮದು ಶಾಲೆಯಲ್ಲ, ನಿಜ. ಆದರೆ ಇಷ್ಟಪಟ್ಟು ಬರುವ ಮಕ್ಕಳಿಗೆ ಶಾಲೆಗಿಂತ ಕೀಳಾದ ರಕ್ಷಣೆ ಸಿಗಬಾರದು.

ನನ್ನ ಸುಪರ್ದಿನಲ್ಲಿರುವ ನಿಯಮಗಳನ್ನೂ ಹೇಳಬೇಕು. ಯಾವ ದೊಡ್ಡವರೂ ಒಬ್ಬ ಹುಡುಗನ ಜೊತೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲೋ ಡೇರೆಯಲ್ಲೋ ಇರುವಂತಿಲ್ಲ. ಹುಡುಗನಿಗೆ ಜ್ವರ ಬಂದರೂ ಇಬ್ಬರು ದೊಡ್ಡವರು ಇರಬೇಕು. ದೊಡ್ಡವರ ಡೇರೆ ಬೇರೆ, ಹುಡುಗರ ಡೇರೆ ಬೇರೆ. ಒಬ್ಬ ದೊಡ್ಡವರು ಕೊನೆ ಗಳಿಗೆಯಲ್ಲಿ ಬರಲಾಗದೆ ಒಬ್ಬರೇ ಉಳಿದರೆ ಶಿಬಿರ ರದ್ದು. ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು. ಅಲರ್ಜಿ, ಮೂರ್ಛೆ, ಉಬ್ಬಸ, ನಡೆಯುತ್ತಿರುವ ಔಷಧ ಎಲ್ಲವೂ ಅದರಲ್ಲಿರಬೇಕು. ಈ ಕಟ್ಟುನಿಟ್ಟು ಅನುಮಾನದಿಂದ ಹುಟ್ಟಿದ್ದೆಂದು ಕೆಲವು ಹಿರಿಯರು ನೊಂದುಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದು: ಜಾಗತಿಕ ಸ್ಕೌಟ್ ಸಂಸ್ಥೆಯೇ ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ನೀತಿ ಮಾಡಿಕೊಂಡಿದೆ, ನಮ್ಮ ದೇಶದಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇದೆ, ಮತ್ತು ಈ ನಿಯಮ ಮಗುವನ್ನು ಕಾಪಾಡುವಷ್ಟೇ ಒಳ್ಳೆಯ ಮನಸ್ಸಿನ ಸ್ವಯಂಸೇವಕನನ್ನೂ ಕಾಪಾಡುತ್ತದೆ.

ನೀರಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಪಕ್ಕದಲ್ಲೇ ಕೆರೆ, ಸುತ್ತ ಗುಡ್ಡ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಶಿಬಿರದ ಜಾಗವಿಲ್ಲ. ಕೆರೆ ಕಂಡ ಹುಡುಗನ ಕಾಲು ನಿಲ್ಲುವುದಿಲ್ಲ. ಈಜು ಬಲ್ಲ, ರಕ್ಷಣೆ ಕಲಿತ ದೊಡ್ಡವರು ದಡದಲ್ಲಿ ಇಲ್ಲದೆ, ಅನುಮತಿ ಇಲ್ಲದೆ, ನೀರಿಗೆ ಕಾಲಿಡುವಂತಿಲ್ಲ. ಪ್ರತಿಯೊಬ್ಬನಿಗೂ ಒಬ್ಬ ಜೋಡಿ. ಸೀಟಿ ಊದಿದಾಗ ಜೋಡಿಗಳು ಕೈ ಎತ್ತಿ ನಿಲ್ಲಬೇಕು. ಇದನ್ನು ದಡದ ಮೇಲೆ ಹಲವು ಸಲ ಅಭ್ಯಾಸ ಮಾಡಿಸುತ್ತೇನೆ. ಎತ್ತಿದ ಕೈಗೆ ಜೋಡಿ ಕಾಣದಿದ್ದರೆ ಮಿಕ್ಕೆಲ್ಲ ಕೆಲಸವೂ ಆ ಕ್ಷಣವೇ ನಿಲ್ಲಬೇಕು.

ಸಂಪ್ರದಾಯಗಳನ್ನು ಕಲಿಸುವ ಬಗೆಗೆ ಬರುತ್ತೇನೆ. ನಾನು ಯಾವುದನ್ನೂ ಕಾರಣ ಹೇಳದೆ ಕಲಿಸುವುದಿಲ್ಲ. ಧ್ವಜದ ಹಗ್ಗಕ್ಕೆ ಶೀಟ್ ಬೆಂಡ್ ಗಂಟು ಹಾಕುವುದು ದಪ್ಪದಲ್ಲಿ ವ್ಯತ್ಯಾಸವಿರುವ ಎರಡು ಹಗ್ಗಗಳನ್ನು ಅದು ಜಾರದಂತೆ ಹಿಡಿಯುತ್ತದೆ ಎಂಬ ಕಾರಣಕ್ಕೆ. ಸ್ಕಾರ್ಫ್ ತ್ರಿಕೋನಾಕಾರದಲ್ಲಿರುವುದರಿಂದ ಮುರಿದ ಕೈಗೆ ಜೋಳಿಗೆಯಾಗುತ್ತದೆ. ಇದನ್ನು ಮಾತಿನಲ್ಲಿ ಹೇಳದೆ, ದೀಕ್ಷೆಗೆ, ಅಂದರೆ ಪ್ರತಿಜ್ಞೆ ಮಾಡಿ ಸ್ಕೌಟ್ ಆಗುವ ವಿಧಿಗೆ, ಮೊದಲು ಪ್ರತಿ ಹುಡುಗನೂ ಇನ್ನೊಬ್ಬನ ಕೈಗೆ ಕಟ್ಟಿ ತೋರಿಸಬೇಕು. ಕಟ್ಟಿದವನ ಕೊರಳಿಗೆ ಮರುವಾರ ಅದೇ ಸ್ಕಾರ್ಫ್ ಬೀಳುವಾಗ ಅವನ ಮುಖ ನೋಡಬೇಕು.

ದೀಕ್ಷಾ ವಿಧಿಯನ್ನು ನಾವು ಚಿಕ್ಕದಾಗಿ, ಗಂಭೀರವಾಗಿ ಮಾಡುತ್ತೇವೆ. ಭಾಷಣವಿಲ್ಲ, ಹಾರ ತುರಾಯಿ ಇಲ್ಲ. ಗೌರವ ಎಂದರೆ ಏನು ಬಲ್ಲೆಯಾ ಎಂದು ದೀಕ್ಷೆ ಪಡೆಯುವ ಹುಡುಗನನ್ನು ಕೇಳುತ್ತೇನೆ. ನಾನು ಸತ್ಯವಂತನೂ ಪ್ರಾಮಾಣಿಕನೂ ಎಂದು ನೀವು ನಂಬಬಹುದು ಎಂಬ ಅರ್ಥದ ಉತ್ತರವನ್ನು ಅವನು ಕೊಡುತ್ತಾನೆ. ಪ್ರತಿಜ್ಞೆಯಲ್ಲಿ ದೇವರು ಎಂಬಲ್ಲಿ ಧರ್ಮ ಎನ್ನಲು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ನಿಯಮದಲ್ಲೇ ಅವಕಾಶವಿದೆ. ಹುಡುಗ ಯಾವುದನ್ನು ಆರಿಸುತ್ತಾನೆಂಬುದನ್ನು ಮನೆಯವರ ಜೊತೆ ಮಾತಾಡಿ ಮೊದಲೇ ಹೇಳಲಿ ಎಂದು ಬಿಡುತ್ತೇನೆ. ಬಾಯಿಪಾಠದ ಪ್ರತಿಜ್ಞೆಗಿಂತ ಯೋಚಿಸಿ ತೆಗೆದುಕೊಂಡ ಪ್ರತಿಜ್ಞೆ ಹೆಚ್ಚು ದಿನ ಉಳಿಯುತ್ತದೆ.

ಚರಿತ್ರೆಯನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಯ ಜನಕ ಬೇಡನ್ ಪೊವೆಲ್ 20 ಹುಡುಗರ ಶಿಬಿರ ನಡೆಸಿದ್ದು ಎಲ್ಲರಿಗೂ ಗೊತ್ತು. ಎರಡೇ ವರ್ಷದಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ನಮ್ಮ ಬೆಂಗಳೂರಿನಲ್ಲೇ ಭಾರತದ ಮೊದಲ ದಳ ಕಟ್ಟಿದರು. ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ‘ಹಾಗಾದರೆ ನಮ್ಮನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾ ಸರ್?’ ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ಇಲ್ಲ ಎಂದೇ ಹೇಳುತ್ತೇನೆ. ಆಮೇಲೆ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರೂ, ಶ್ರೀರಾಮ ಬಾಜಪೇಯಿ ಮುಂತಾದವರು ಭಾರತೀಯ ಮಕ್ಕಳಿಗಾಗಿ ದಳಗಳನ್ನು ಕಟ್ಟಿದ್ದನ್ನು, ಬೆಸೆಂಟರ ದಳದ ಹುಡುಗರು ಪೇಟ ಸುತ್ತಿ ಭಾರತೀಯ ಹಾಡುಗಳನ್ನು ಹಾಡಿದ್ದನ್ನು, ಕೊನೆಗೆ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದನ್ನು, ಮರುವರ್ಷ ಆಗಸ್ಟ್ 15ರಂದು ಹುಡುಗಿಯರ ದಳಗಳಾದ ಗೈಡ್‌ಗಳೂ ಸೇರಿದ್ದನ್ನು ವಿವರಿಸುತ್ತೇನೆ. ಹೊರಗುಳಿಯಬೇಕಾಗಿದ್ದವರ ಮಕ್ಕಳೇ ಒಳಬಂದು ಬದಲಿಸಿದ ಸಂಪ್ರದಾಯ ಇದು ಎಂದು ತಿಳಿದ ಹುಡುಗನಿಗೆ ತನ್ನ ದಳದ ಒಂದು ಕೆಟ್ಟ ರೂಢಿಯನ್ನು ಬಿಡುವುದು ಕಷ್ಟವಾಗುವುದಿಲ್ಲ.

ದೊಡ್ಡವರನ್ನು ಕಲೆಹಾಕುವುದು ಈ ಎಲ್ಲದಕ್ಕಿಂತ ಕಷ್ಟದ ಕೆಲಸ. ಇಲ್ಲಿ ಸಂಬಳವಿಲ್ಲ, ಭಾನುವಾರ ಹೋಗುತ್ತದೆ, ಮನೆಯಲ್ಲಿ ಮುನಿಸು ಇದ್ದೇ ಇರುತ್ತದೆ. ‘ದಳಕ್ಕೆ ಸಹಾಯ ಮಾಡಿ’ ಎಂದು ಪೋಷಕರ ಸಭೆಯಲ್ಲಿ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಬರುವುದಿಲ್ಲ. ನಾನು ಒಬ್ಬೊಬ್ಬರ ಮನೆಗೆ ಹೋಗಿ ಅವರಿಗೆ ಬರುವ ಕೆಲಸವನ್ನೇ ಕೇಳುತ್ತೇನೆ, ಮೊದಲೂ ಕೊನೆಯೂ ಹೇಳಿ ಕೇಳುತ್ತೇನೆ. ನರ್ಸ್ ಆಗಿರುವ ತಾಯಿಗೆ: ‘ಅಕ್ಕಾ, ಈ ತಿಂಗಳ ಎರಡು ಭಾನುವಾರ ಪ್ರಥಮ ಚಿಕಿತ್ಸೆ ಹೇಳಿಕೊಡಿ, ಅಷ್ಟೇ.’ ಮದುವೆ ಮನೆಗಳಲ್ಲಿ ಅಡುಗೆ ಮಾಡುವ ತಂದೆಗೆ: ‘ಅಣ್ಣಾ, ಮೂರು ಕಲ್ಲಿನ ಒಲೆ ಹೂಡಿ ಅನ್ನ ಸಾರು ಮಾಡುವುದನ್ನು ಹುಡುಗರಿಗೆ ತೋರಿಸಬೇಕು.’ ಹೀಗೆ ಬಂದವರಲ್ಲಿ ಕೆಲವರು ಮಗ ದಳ ಬಿಟ್ಟ ಮೇಲೂ ಉಳಿದಿದ್ದಾರೆ. ಉಳಿದವರನ್ನು ತರಬೇತಿಗೆ ಕಳಿಸಲೇಬೇಕು: ಮೊದಲು ಬೇಸಿಕ್ ಕೋರ್ಸ್, ಆಮೇಲೆ ಅಡ್ವಾನ್ಸ್ಡ್, ಆಸಕ್ತಿಯಿದ್ದರೆ ಮುಂದೆ ಹಿಮಾಲಯ ವುಡ್ ಬ್ಯಾಡ್ಜ್. ದೊಡ್ಡಬಳ್ಳಾಪುರದ ಆನಿಬೆಸೆಂಟ್ ಪಾರ್ಕ್‌ನಲ್ಲಿ ರಾಜ್ಯ ತರಬೇತಿ ಕೇಂದ್ರವಿದೆ. ಅಲ್ಲಿ ದೊಡ್ಡವರೂ ಪ್ಯಾಟ್ರೋಲ್ ಆಗಿ ಡೇರೆಯಲ್ಲಿ ಮಲಗಬೇಕು, ಸರದಿಯ ಪ್ರಕಾರ ಕಸ ಗುಡಿಸಬೇಕು, ತಪಾಸಣೆಗೆ ನಿಲ್ಲಬೇಕು. ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರವಿರುವವರೂ ಅಲ್ಲಿ ಲೀಡರ್ ಮಾತು ಕೇಳಲೇಬೇಕು. ಹುಡುಗನ ಜಾಗದಲ್ಲಿ ನಿಂತು ನೋಡದವರ ಕೈಗೆ ದಳ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೋಷಕರ ಒತ್ತಡ ಬರುವುದು ಪ್ರಮಾಣಪತ್ರದ ವಿಷಯದಲ್ಲಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರ: ಇದು ಹುಡುಗನ ಏಣಿ. ಸಿಇಟಿ ಪ್ರವೇಶದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವಿರುವುದರಿಂದ ‘ಬೇಗ ಬೇಗ ಮುಗಿಸಿಕೊಡಿ ಸರ್’ ಎಂದು ಬರುವ ತಂದೆಯರಿದ್ದಾರೆ. ಪ್ರಭಾವಿ ವ್ಯಕ್ತಿಯೊಬ್ಬರು ತಮ್ಮ ಮಗ ಬಾರದ ಶಿಬಿರಕ್ಕೂ ಸಹಿ ಕೇಳಿದರು. ನಾನು ಹಾಕಲಿಲ್ಲ. ಅವರು ಮಗನನ್ನು ಬಿಡಿಸಿಕೊಂಡು ಹೋದರು. ಒಳ್ಳೆಯ ಹುಡುಗ, ಬೇಸರವಾಯಿತು. ಆದರೆ ನಂಬಿಕೆಗೆ ಅರ್ಹನಾಗಿರಬೇಕು ಎಂಬ ಮೊದಲ ನಿಯಮ ಹುಡುಗರಿಗೆ ಮಾತ್ರ ಬರೆದದ್ದಲ್ಲ. ನಾನು ಹಾಕಿದ್ದರೆ ಆ ಸಹಿಯ ಸುದ್ದಿ ಮುಂದಿನ ಭಾನುವಾರವೇ ಎಲ್ಲ ಪ್ಯಾಟ್ರೋಲುಗಳಿಗೂ ತಲುಪುತ್ತಿತ್ತು.

ನಮ್ಮ ದಳದಲ್ಲೇ ಬೆಳೆದು ಈಗ ರೋವರ್, ಅಂದರೆ ಯುವಕರ ವಿಭಾಗದ ಸ್ಕೌಟ್, ಆಗಿರುವ ಒಬ್ಬ ಹುಡುಗ ಕಳೆದ ಬೇಸಿಗೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿ ಬಂದ. ಚಿಕ್ಕವರು ಅವನನ್ನು ಸರ್ ಎನ್ನದೆ ಅಣ್ಣ ಎನ್ನುತ್ತಾರೆ, ಅವನ ಮಾತನ್ನು ನನ್ನದಕ್ಕಿಂತ ಬೇಗ ಕೇಳುತ್ತಾರೆ. ಕೋರ್ಟ್ ಆಫ್ ಆನರ್‌ನಲ್ಲಿ ಈಗ ಸಲಹೆಗಾರನ ಜಾಗದಲ್ಲಿ ಅವನೇ ಕೂರುತ್ತಾನೆ. ಬರುವ ಜೂನ್‌ನಿಂದ ಭಾನುವಾರದ ಸಭೆ ಪೂರ್ತಿ ಅವನದು. ಲೆಕ್ಕಪತ್ರ, ಪೋಷಕರ ಒಪ್ಪಿಗೆ ಪತ್ರಗಳು, ಶಿಬಿರದ ಅನುಮತಿಗಳನ್ನು ನಾನು ನೋಡಿಕೊಳ್ಳುತ್ತೇನೆ.