ಕೋಳಿ ಶೆಡ್ಡಿನ ಘಾಟು ಇಳಿದದ್ದು ಹೀಗೆ
ಗಂಗಾವತಿ ಹತ್ತಿರ ನಮ್ಮ ಕೋಳಿ ಶೆಡ್ಡು. ರೈಸ್ ಮಿಲ್ಲಿನ ಭತ್ತದ ಹೊಟ್ಟನ್ನೇ ಹಾಸುತ್ತೇವೆ. ಮಳೆಗಾಲದಲ್ಲಿ ಹಾಸು ಒದ್ದೆಯಾಗಿ ಹೆಂಟೆಗಟ್ಟಿತು. ಅಮೋನಿಯಾ ಘಾಟಿಗೆ ಕಣ್ಣುರಿ. ಕೋಳಿಗಳ ಪಾದದಲ್ಲಿ ಹುಣ್ಣು. ನೋಡೋಕೆ ಸಂಕಟವಾಗುತ್ತಿತ್ತು.

ಮೊದಲು ಸೋರುವ ನಿಪ್ಪಲ್ (ಕೋಳಿಗಳು ನೀರು ಕುಡಿಯುವ ನಳಿಕೆ) ಸರಿ ಮಾಡಿಸಿದೆ. ಇದನ್ನು ಬಿಟ್ಟು ಏನು ಸಿಂಪಡಿಸಿದರೂ ಸುಮ್ನೆ ದಂಡ. ಹೆಂಟೆ ತೆಗೆದು ಒಣ ಹೊಟ್ಟು ಹಾಕಿದೆ. ಆಮೇಲೆ ಇಎಂ (ಉಪಯುಕ್ತ ಸೂಕ್ಷ್ಮಜೀವಿಗಳಿರುವ ದ್ರವ) ದ್ರಾವಣ: 1 ಲೀಟರ್ ಇಎಂ, 1 ಕೆಜಿ ಬೆಲ್ಲ, 20 ಲೀಟರ್ ಕ್ಲೋರಿನ್ ಇಲ್ಲದ ನೀರು. 7 ದಿನ ಮುಚ್ಚಿಟ್ಟು, ದಿನಾ ಗ್ಯಾಸ್ ಬಿಟ್ಟೆ. ಹುಳಿ ವಾಸನೆ ಬಂದರೆ ಸರಿ, ಕೊಳೆತ ವಾಸನೆ ಬಂದರೆ ಚೆಲ್ಲಿಬಿಡಿ. ಇದರ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಹಾಸನ್ನು ಹುಳಿಯಾಗಿಸುತ್ತವೆ. ಆಗ ಅಮೋನಿಯಾ ಗಾಳಿಗೆ ಏಳೋದು ಕಮ್ಮಿ. ನೀರು ಬೆರೆಸಿ, ವಾರಕ್ಕೊಮ್ಮೆ ತೆಳುವಾಗಿ ಸಿಂಪಡಿಸಿ ಹಾಸು ತಿರುವಿದೆ. ಮೂರನೇ ವಾರಕ್ಕೆ ಕಣ್ಣುರಿ ನಿಂತಿತು. ಪಾದದ ಹುಣ್ಣೂ ಒಣಗುತ್ತಾ ಬಂತು.