ಡಬ್ಬಿ ಮೊದಲು, ಬೋರ್ಡ್ ಆಮೇಲೆ

ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ನಿಲ್ಲಿಸುವ ಸರ್ಕ್ಯೂಟ್ ಮಾಡಲು ನನಗೆ ಒಂದು ವಾರ ಸಾಕಾಯಿತು. ಅದನ್ನು ಡಬ್ಬಿಗೆ ಹಾಕಿ, ಮುಂದೊಂದು ಡಿಸ್‌ಪ್ಲೇ ಕೂರಿಸಿ, ನೋಡಿದವರು "ಎಲ್ಲಿ ತಗೊಂಡ್ರಿ?" ಅಂತ ಕೇಳುವ ಹಾಗೆ ಮಾಡಲು ಮೂರು ತಿಂಗಳು ಹಿಡಿಯಿತು.

ತಪ್ಪು ನನ್ನದೇ. ಬಿಡಿಭಾಗಗಳನ್ನು ಕೂರಿಸುವ ಸರ್ಕ್ಯೂಟ್ ಬೋರ್ಡ್ ಮೊದಲು ಮಾಡಿಸಿಬಿಟ್ಟಿದ್ದೆ. ಅದರ ಅಳತೆಗೆ ಡಬ್ಬಿ ಹುಡುಕಲು ಹೊರಟರೆ ಒಂದು ಡಬ್ಬಿ ಐದು ಮಿಲಿಮೀಟರ್ ಗಿಡ್ಡ, ಇನ್ನೊಂದರಲ್ಲಿ ಬೋರ್ಡ್ ಗಡಗಡ ಅಲ್ಲಾಡುವಷ್ಟು ಜಾಗ. ಕೊನೆಗೂ ಸರಿಹೋಯಿತು ಅನ್ನಿಸಿದ ಡಬ್ಬಿಯಲ್ಲಿ ಮುಚ್ಚಳದ ಸ್ಕ್ರೂ ಕೂರುವ ಕಂಬಗಳು ಬೋರ್ಡಿನ ನಾಲ್ಕೂ ಮೂಲೆಗೆ ತಾಗಿದವು. ಕ್ಯಾಟಲಾಗಿನಲ್ಲಿ ಎದ್ದು ಕಾಣುವುದು ಹೊರಗಿನ ಅಳತೆ, ನಮಗೆ ಬೇಕಾದ್ದು ಒಳಗಿನದು. ಈಗ ನಾನು ಡಬ್ಬಿಯ ಡ್ರಾಯಿಂಗ್ ಎದುರಿಗಿಟ್ಟುಕೊಂಡೇ ಬೋರ್ಡಿನ ಅಂಚು ಎಳೆಯುತ್ತೇನೆ.

ಮೊದಲು ಕೊಂಡದ್ದು ಎರಕದ ಅಲ್ಯೂಮಿನಿಯಂ ಡಬ್ಬಿ. ಕೈಯಲ್ಲಿ ಹಿಡಿದರೆ ತೂಕ, ಗಾಂಭೀರ್ಯ ಎಲ್ಲ ಇತ್ತು. ಮುಚ್ಚಳ ಹಾಕಿದೊಡನೆ ಒಳಗಿನ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ವೈಫೈ ಕಳೆದುಕೊಂಡಿತು. ಲೋಹದೊಳಗೆ ಆಂಟೆನಾ ಇಟ್ಟರೆ ಇನ್ನೇನಾದೀತು! ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ, ಹಾಗಾಗಿ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್‌ಗೆ ಬಂದೆ.

ಡಿಸ್‌ಪ್ಲೇ ಕಥೆ ಇನ್ನೂ ಉದ್ದ. ಮೇಜಿನ ಮೇಲೆ 0.96 ಇಂಚಿನ ಓಎಲ್‌ಇಡಿ (ಅಕ್ಷರಗಳೇ ಬೆಳಗುವ ಪರದೆ) ಮುತ್ತಿನ ಹಾಗೆ ಕಾಣುತ್ತಿತ್ತು. ಹೊರಗೆ ಒಯ್ದರೆ ಬಿಸಿಲಿನಲ್ಲಿ ಬರೀ ಕಪ್ಪು ಗಾಜು. ಸಾಲದ್ದಕ್ಕೆ, ಹಗಲೂ ರಾತ್ರಿ ಒಂದೇ ಕಡೆ ನಿಂತಿದ್ದ "ಮೋಟರ್ ಆಫ್" ಅಕ್ಷರಗಳು ಬರಬರುತ್ತ ಅಲ್ಲೇ ಅಚ್ಚೊತ್ತಿ ಕೂತವು. ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಹಳೆಯ 16×2 ಎಲ್‌ಸಿಡಿಯೇ ವಾಸಿ ಅನ್ನಿಸಿತು. ಹಿಂಬದಿಯ ದೀಪ ಆರಿಸಿದರೂ ಬಿಸಿಲಲ್ಲಿ ಓದಬಹುದು, 80×36 ಮಿ.ಮೀ. ಅಳತೆ ಬಹುಪಾಲು ಎಲ್ಲ ಕಡೆ ಒಂದೇ, ಕೆಟ್ಟರೆ ಇನ್ನೊಂದು ಸಲೀಸಾಗಿ ಸಿಗುತ್ತದೆ.

ಆದರೆ ಮೋಟರಿನ ಪಕ್ಕ ಸೊಂಟದ ಎತ್ತರಕ್ಕೆ ಡಬ್ಬಿ ಹೊಡೆದು ಮೇಲಿನಿಂದ ನೋಡಿದರೆ ಅಕ್ಷರ ಮಸುಕು. ಕಾಂಟ್ರಾಸ್ಟ್ ತಿರುಗಿಸಿ ತಿರುಗಿಸಿ ಸಾಕಾಯಿತು. ಆಮೇಲೆ ತಯಾರಕರ ವಿವರಪಟ್ಟಿ (ಡೇಟಾಶೀಟ್) ತೆರೆದರೆ "6 ಗಂಟೆ" ಅಂತಿತ್ತು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಈ ಎಲ್‌ಸಿಡಿ ಕೆಳಗಿನಿಂದ ನೋಡುವವರಿಗೆ ಚೆನ್ನಾಗಿ ಕಾಣುವಂತೆ ಮಾಡಿದ್ದು. ಮೇಲಿನಿಂದ ನೋಡುವುದಾದರೆ "12 ಗಂಟೆ" ನಮೂನೆ ಬೇಕು. ನಾನು ಡಿಸ್‌ಪ್ಲೇ ಬದಲಿಸಲಿಲ್ಲ, ಡಬ್ಬಿಯನ್ನೇ ಕಣ್ಣಿನ ಮಟ್ಟಕ್ಕೆ ಏರಿಸಿದೆ.

ಕಿಟಕಿ ಕೊರೆಯುವುದರಲ್ಲಿ ಎರಡು ಮುಚ್ಚಳ ಹಾಳಾದವು. ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆದು, ಮೂಲೆಗೆ ತೂತು ಹೊಡೆದು, ಗೆರೆಗಿಂತ ಒಂದು ಮಿಲಿಮೀಟರ್ ಒಳಗೇ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಬೇಕು. ಕೊನೆಯ ನಾಲ್ಕು ಉಜ್ಜಿಗೆ ಅವಸರ ಮಾಡಿ ಅರ ಜಾರಿತು, ಮುಚ್ಚಳದ ಉದ್ದಕ್ಕೂ ಗೀರು. ಮೇಲಾಗಿ ಧೂಳು, ನೀರು ಒಳಹೋಗದು ಅನ್ನುವ ಐಪಿ65 ಎಂಬ ಭರವಸೆ ನಾವು ಹೊಡೆಯುವ ಮೊದಲ ತೂತಿಗೇ ಮುಗಿಯುತ್ತದೆ. ಪಾರದರ್ಶಕ ಮುಚ್ಚಳದ ಡಬ್ಬಿ ಸಿಗುತ್ತದೆ ಅಂತ ಆಮೇಲೆ ತಿಳಿಯಿತು. ಡಿಸ್‌ಪ್ಲೇ ಒಳಗೇ ನಿಲ್ಲಿಸಿ, ಮುಚ್ಚಳಕ್ಕೆ ಕಿಟಕಿಯ ಜಾಗ ಬಿಟ್ಟು ಮುದ್ರಿಸಿದ ಸ್ಟಿಕ್ಕರ್ ಅಂಟಿಸಿದರೆ ಕೊಯ್ಯುವ ಕೆಲಸವೇ ಇಲ್ಲ, ಒಳಗಿನ ವೈರುಗಳ ಗೋಜಲೂ ಕಾಣುವುದಿಲ್ಲ.

ನೀರು ಇಳಿಯದ ಹಾಗೆ ವೈರಿಗೆ ತೂತು ಕೆಳಬದಿಯಲ್ಲಿ ಮಾತ್ರ. ತೂತಿನಲ್ಲಿ ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ಬಿರಡೆಗೆ ಗ್ಲಾಂಡ್ ಅನ್ನುತ್ತಾರೆ; ಪಿಜಿ7 ಅಳತೆಯ ಗ್ಲಾಂಡ್ 3ರಿಂದ 6.5 ಮಿ.ಮೀ. ದಪ್ಪದ ಕೇಬಲ್ ಹಿಡಿಯುತ್ತದೆ, ಮೋಟರಿನ ದಪ್ಪ ಕೇಬಲ್‌ಗೆ ಅದಕ್ಕಿಂತ ದೊಡ್ಡದೇ ಬೇಕು. ಮನೆಯ ಕರೆಂಟ್ (ಮೇನ್ಸ್) ಬರುವ ರಿಲೇ, ಅಂದರೆ ಮೋಟರನ್ನು ಆನ್-ಆಫ್ ಮಾಡುವ ಸ್ವಿಚ್ಚು, ಒಂದು ಬದಿ, ಉಳಿದದ್ದು ಇನ್ನೊಂದು ಬದಿ, ನಡುವೆ ಪ್ಲಾಸ್ಟಿಕ್ ತಡೆ.

ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಒಂದು ಮಧ್ಯಾಹ್ನ ಡಿಸ್‌ಪ್ಲೇ ಪೂರ್ತಿ ಕಪ್ಪಾಯಿತು. ಸುಟ್ಟೇಹೋಯಿತು ಅಂದುಕೊಂಡೆ, ಸಂಜೆಗೆ ತಾನಾಗಿ ಸರಿಯಾಯಿತು. ಮುಚ್ಚಿದ ಡಬ್ಬಿ, ಎದುರು ಬಿಸಿಲು, ಒಳಗೆ 12 ವೋಲ್ಟನ್ನು 5ಕ್ಕೆ ಇಳಿಸುತ್ತಿದ್ದ 7805 ಎಂಬ ಚಿಪ್, ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವಂಥದ್ದು. 150 ಮಿಲಿಆಂಪಿಗೆ ಅದೊಂದೇ ಒಂದು ವ್ಯಾಟ್‌ನಷ್ಟು ಶಾಖ ಉಗುಳುತ್ತದೆ. ಸಾಮಾನ್ಯ ಎಲ್‌ಸಿಡಿ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, 70 ಡಿಗ್ರಿ ತಡೆಯುವ ನಮೂನೆ ಬೇರೆ. 7805 ಕಿತ್ತು ಕಡಿಮೆ ಶಾಖದಲ್ಲಿ ಅದೇ ಕೆಲಸ ಮಾಡುವ ಬಕ್ ಕನ್ವರ್ಟರ್ ಹಾಕಿದೆ, ಡಬ್ಬಿಯ ಮೇಲೆ ಅಂಗೈ ಅಗಲದ ತಗಡಿನ ಚಪ್ಪರ ಕಟ್ಟಿದೆ. ಆ ತಗಡು ಕೆಲಸಕ್ಕೆ ಬಾರದೆ ಉಳಿದ ಮೊದಲ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ.